ಮಿದುಳಿನ ಗಾಯದ ನಂತರದ ಮದ್ಯಪಾನ

ಈ ಲೇಖನವು ಮದ್ಯಸೇವನೆಯನ್ನು ಕುರಿತದ್ದು. ತಲೆಗೆ ಪೆಟ್ಟಾದ ಕೆಲವರಲ್ಲಿ ಕಂಡುಬರುವ ಅತಿಯಾದ ಬಾಯಾರಿಕೆ ಮತ್ತು ಪದೇ ಪದೇ ನೀರು ಕುಡಿಯುವ ಲಕ್ಷಣ ಬೇರೆಯೇ ವಿಷಯ. ಅದು ಪಿಟ್ಯುಟರಿ ಗ್ರಂಥಿಗೆ ಸಂಬಂಧಿಸಿದ ಹಾರ್ಮೋನಿನ ಕೊರತೆಯಿಂದ ಬರಬಹುದು.

ಅಪಘಾತ, ಬೀಳುವಿಕೆ, ಹಲ್ಲೆ ಮುಂತಾದ ಕಾರಣಗಳಿಂದ ಮಿದುಳಿಗೆ ಗಾಯವಾದ ಮೇಲೆ ವ್ಯಕ್ತಿಯೊಬ್ಬರು ಕುಡಿಯುವ ಮದ್ಯದ ಪ್ರಮಾಣ, ಕುಡಿಯುವ ಸಂದರ್ಭ ಹಾಗೂ ಮದ್ಯಕ್ಕೆ ಮಿದುಳು ಪ್ರತಿಕ್ರಿಯಿಸುವ ರೀತಿ ಇವೆಲ್ಲವೂ ಬದಲಾಗುತ್ತವೆ. ಈ ಬದಲಾವಣೆಗಳನ್ನು ನರವಿಜ್ಞಾನ, ಮನೋವೈದ್ಯಶಾಸ್ತ್ರ ಮತ್ತು ಪುನಶ್ಚೇತನ ಚಿಕಿತ್ಸೆಯ ಕ್ಷೇತ್ರಗಳಲ್ಲಿ 1980ರ ದಶಕದಿಂದೀಚೆಗೆ ವ್ಯವಸ್ಥಿತವಾಗಿ ಅಧ್ಯಯನ ಮಾಡಲಾಗಿದೆ. ಗಾಯದ ನಂತರದ ಮೊದಲ ತಿಂಗಳುಗಳಲ್ಲಿ ಹೆಚ್ಚಿನವರ ಕುಡಿತ ಕಡಿಮೆಯಾಗುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ. ಆದರೆ ಒಂದು ಅಥವಾ ಎರಡು ವರ್ಷಗಳೊಳಗೆ ಗಣನೀಯ ಸಂಖ್ಯೆಯ ಜನರು ಹಳೆಯ ಅಭ್ಯಾಸಕ್ಕೆ ಮರಳುತ್ತಾರೆ. ಮೊದಲಿನ ಇಳಿಕೆಯನ್ನು ಕುಟುಂಬದವರು, ಕೆಲವೊಮ್ಮೆ ವೈದ್ಯರೂ, ವ್ಯಸನದಿಂದ ಸಿಕ್ಕ ಬಿಡುಗಡೆಯೆಂದು ಭಾವಿಸುವುದರಿಂದ ಮರುಕಳಿಕೆಯನ್ನು ತಡೆಯಬಹುದಾದ ಕಾಲ ಕೈಜಾರುತ್ತದೆ.

ಹಿನ್ನೆಲೆ

ಹೊರಗಿನ ಬಲದಿಂದ ಮಿದುಳಿಗೆ ಆಗುವ ಹಾನಿಯನ್ನು ಮಿದುಳಿನ ಗಾಯ ಎನ್ನುತ್ತಾರೆ. ಆಸ್ಪತ್ರೆಗಳಲ್ಲಿ ಇದಕ್ಕೆ ‘ಹೆಡ್ ಇಂಜುರಿ’ ಎಂಬ ಮಾತೇ ಬಳಕೆಯಲ್ಲಿದೆ. ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಉಂಟಾಗುವ ಪಾರ್ಶ್ವವಾಯು ಇದರಲ್ಲಿ ಸೇರುವುದಿಲ್ಲ. ಗಾಯದ ತೀವ್ರತೆಯನ್ನು ಅಳೆಯಲು 1974ರಲ್ಲಿ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ರೂಪಿಸಿದ ಗ್ಲಾಸ್ಗೋ ಕೋಮಾ ಮಾಪಕವನ್ನು ಬಳಸಲಾಗುತ್ತದೆ. ಕಣ್ಣು ತೆರೆಯುವುದು, ಮಾತನಾಡುವುದು ಮತ್ತು ಕೈಕಾಲು ಆಡಿಸುವುದನ್ನು ಗಮನಿಸಿ 3ರಿಂದ 15ರವರೆಗೆ ಅಂಕ ನೀಡುತ್ತಾರೆ. 13ರಿಂದ 15 ಬಂದರೆ ಸೌಮ್ಯ, 9ರಿಂದ 12 ಬಂದರೆ ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಗಾಯವೆಂದು ಪರಿಗಣಿಸಲಾಗುತ್ತದೆ.

ಮದ್ಯಕ್ಕೂ ಮಿದುಳಿನ ಗಾಯಕ್ಕೂ ಇರುವ ನಂಟು ಗಾಯಕ್ಕೆ ಮೊದಲೇ ಆರಂಭವಾಗಿರುತ್ತದೆ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಕಾರಿಗನ್ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 1995ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಆಸ್ಪತ್ರೆಗೆ ದಾಖಲಾದ ಗಾಯಾಳುಗಳಲ್ಲಿ ಸರಿಸುಮಾರು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಂದಿ ಗಾಯವಾದ ಹೊತ್ತಿನಲ್ಲಿ ಮದ್ಯದ ಅಮಲಿನಲ್ಲಿದ್ದರು. ಹೀಗಾಗಿ ಗಾಯದ ನಂತರದ ಕುಡಿತವನ್ನು ಅರಿಯಲು ಅದಕ್ಕೆ ಹಿಂದಿನ ಕುಡಿತವನ್ನು ತಿಳಿಯಲೇಬೇಕಾಗುತ್ತದೆ. ಮುಂದೆ ಯಾರು ಹೆಚ್ಚು ಕುಡಿಯಬಹುದೆಂಬುದನ್ನು ಊಹಿಸಲು ಇಂದಿಗೂ ಅತ್ಯಂತ ನಂಬಲರ್ಹವಾದ ಸುಳಿವು ಅದೇ.

ಆಸ್ಪತ್ರೆಯ ದಿನಗಳು

ಕುಡಿದವರ ತಲೆಗೆ ಪೆಟ್ಟಾದಾಗ ಎದುರಾಗುವ ಮೊದಲ ಅಪಾಯ ತಪ್ಪು ಗ್ರಹಿಕೆಯದು. ತೊದಲು ಮಾತು, ತೂರಾಟ, ವಾಂತಿ ಮತ್ತು ಮಂಪರು ಇವು ಅಮಲಿನ ಲಕ್ಷಣಗಳೂ ಹೌದು, ಮಿದುಳಿನೊಳಗಿನ ರಕ್ತಸ್ರಾವದ ಲಕ್ಷಣಗಳೂ ಹೌದು. ‘ಕುಡಿದಿದ್ದಾನೆ, ಮಲಗಿ ಎದ್ದರೆ ಸರಿಹೋಗುತ್ತಾನೆ’ ಎಂದು ಮನೆಯಲ್ಲೇ ಬಿಟ್ಟ ವ್ಯಕ್ತಿ ಬೆಳಗಾಗುವಷ್ಟರಲ್ಲಿ ಪ್ರಜ್ಞೆ ಕಳೆದುಕೊಂಡಿರಬಹುದು. ಬಾಯಿಂದ ಮದ್ಯದ ವಾಸನೆ ಬರುತ್ತಿದೆ ಎಂಬ ಕಾರಣಕ್ಕೆ ಮಂಪರನ್ನು ಅಮಲೆಂದು ತೀರ್ಮಾನಿಸಬಾರದು ಎಂಬುದು ತುರ್ತು ಚಿಕಿತ್ಸೆಯ ಹಳೆಯ ಪಾಠ. ದೀರ್ಘಕಾಲ ಕುಡಿದವರಲ್ಲಿ ಮಿದುಳು ಸ್ವಲ್ಪ ಕುಗ್ಗಿರುತ್ತದೆ, ರಕ್ತ ಹೆಪ್ಪುಗಟ್ಟುವ ಶಕ್ತಿಯೂ ತಗ್ಗಿರಬಹುದು. ಆದ್ದರಿಂದ ಮಿದುಳಿನ ಹೊರಪೊರೆಯ ಅಡಿಯಲ್ಲಿ ನಿಧಾನವಾಗಿ ರಕ್ತ ಶೇಖರವಾಗುವ ಸಂಭವ ಅವರಲ್ಲಿ ಹೆಚ್ಚು. ಇದು ಪೆಟ್ಟು ಬಿದ್ದ ಹಲವು ವಾರಗಳ ಮೇಲೂ ತಲೆನೋವು, ಮರೆವು ಅಥವಾ ಒಂದು ಪಕ್ಕದ ನಿಶ್ಶಕ್ತಿಯಾಗಿ ಕಾಣಿಸಿಕೊಳ್ಳಬಹುದು.

ಎರಡನೆಯ ಅಪಾಯ ದಾಖಲಾದ ಎರಡು ಮೂರು ದಿನಗಳ ಮೇಲೆ ಬರುತ್ತದೆ. ನಿತ್ಯ ಕುಡಿಯುತ್ತಿದ್ದವರಿಗೆ ಹಠಾತ್ತಾಗಿ ಮದ್ಯ ನಿಂತಾಗ ಕೈನಡುಕ, ಬೆವರು, ನಿದ್ರಾಹೀನತೆ, ಫಿಟ್ಸ್ ಮತ್ತು ಕೊನೆಗೆ ಇಲ್ಲದ್ದನ್ನು ಕಾಣುವ ಸನ್ನಿಯ ಸ್ಥಿತಿ ಉಂಟಾಗಬಹುದು. ಈ ಸನ್ನಿ ಸಾಮಾನ್ಯವಾಗಿ ಕೊನೆಯ ಬಾರಿ ಕುಡಿದ 48ರಿಂದ 96 ಗಂಟೆಗಳ ನಡುವೆ ಆರಂಭವಾಗುತ್ತದೆ. ರೋಗಿಯ ಗೊಂದಲ ತಲೆಯ ಗಾಯದಿಂದ ಬಂದದ್ದೇ, ಮದ್ಯ ನಿಂತದ್ದರಿಂದ ಬಂದದ್ದೇ ಎಂಬುದನ್ನು ಆಗ ಬೇರ್ಪಡಿಸುವುದು ಕಷ್ಟ. ಮನೆಯವರು ಕುಡಿತದ ವಿಷಯವನ್ನು ಮುಚ್ಚಿಟ್ಟಿದ್ದರೆ ಇನ್ನೂ ಕಷ್ಟ. ಪೊಲೀಸ್ ಪ್ರಕರಣ, ವಿಮೆಯ ಹಣ ಕೈತಪ್ಪುವ ಭಯ ಮತ್ತು ಮರ್ಯಾದೆಯ ಪ್ರಶ್ನೆ ಈ ಮೂರೂ ಸೇರಿ ಅವರನ್ನು ಮೌನವಾಗಿಸುವುದು ಅಪರೂಪವಲ್ಲ. ಥಯಾಮಿನ್ ಎಂಬ ಬಿ1 ಜೀವಸತ್ವದ ಕೊರತೆಯಿಂದ ಬರುವ ವೆರ್ನಿಕೆ ರೋಗವನ್ನು ತಡೆಯಲು ಇಂಥ ರೋಗಿಗಳಿಗೆ ಆ ಜೀವಸತ್ವವನ್ನು ಚುಚ್ಚುಮದ್ದಿನ ಮೂಲಕ ಕೊಡಬೇಕಾಗುತ್ತದೆ. ಕುಡಿತದ ಇತಿಹಾಸ ತಿಳಿಯದಿದ್ದರೆ ಇದೂ ತಪ್ಪಿಹೋಗಬಹುದು.

ಕಾಲಕ್ರಮದಲ್ಲಿ ಕುಡಿತದ ಬದಲಾವಣೆ

ಗಾಯಾಳುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನಗಳು ಹೆಚ್ಚಾಗಿ ಅಮೆರಿಕ ಮತ್ತು ಆಸ್ಟ್ರೇಲಿಯಾದಿಂದ ಬಂದಿವೆ. ವರ್ಜೀನಿಯಾದ ಜೆಫ್ರಿ ಕ್ರೂಟ್ಜರ್ ಮತ್ತು ಸಂಗಡಿಗರು 1996ರಲ್ಲಿ, ಸಿಯಾಟಲ್‌ನ ಚಾರ್ಲ್ಸ್ ಬೊಂಬಾರ್ಡಿಯರ್ ಮತ್ತು ಸಂಗಡಿಗರು 2003ರಲ್ಲಿ, ಮೆಲ್ಬರ್ನ್‌ನ ಜೆನಿ ಪಾನ್ಸ್‌ಫರ್ಡ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ವರದಿಗಳು ಇವುಗಳಲ್ಲಿ ಮುಖ್ಯವಾದವು. ಅಳತೆಯ ವಿಧಾನ ಬೇರೆಬೇರೆಯಾದರೂ ಅವುಗಳಿಂದ ಮೂಡುವ ಚಿತ್ರ ಬಹುತೇಕ ಒಂದೇ: ಮೊದಲು ಇಳಿಕೆ, ಆಮೇಲೆ ಭಾಗಶಃ ಏರಿಕೆ.

ಇಳಿಕೆಗೆ ಮನೋಬಲಕ್ಕಿಂತ ಪರಿಸ್ಥಿತಿಯೇ ಹೆಚ್ಚಾಗಿ ಕಾರಣ. ಆಸ್ಪತ್ರೆಯಲ್ಲಿ ಮದ್ಯ ಸಿಗುವುದಿಲ್ಲ. ಮನೆಗೆ ಬಂದ ಮೇಲೂ ವ್ಯಕ್ತಿ ಒಬ್ಬರೇ ಹೊರಗೆ ಹೋಗುವ ಸ್ಥಿತಿಯಲ್ಲಿರುವುದಿಲ್ಲ. ಕೈಯಲ್ಲಿ ಹಣವಿಲ್ಲ, ವಾಹನ ಓಡಿಸುವಂತಿಲ್ಲ, ಔಷಧಿಗಳ ಜೊತೆ ಮದ್ಯ ಬೇಡವೆಂದು ವೈದ್ಯರು ಹೇಳಿರುತ್ತಾರೆ, ಪಕ್ಕದಲ್ಲಿ ಯಾರಾದರೊಬ್ಬರು ಸದಾ ಇರುತ್ತಾರೆ. ಸಾವಿನ ಅಂಚಿಗೆ ಹೋಗಿ ಬಂದ ಭಯವೂ ಕೆಲವು ಕಾಲ ತಡೆಯುತ್ತದೆ. ವ್ಯಕ್ತಿ ಚೇತರಿಸಿಕೊಂಡಂತೆಲ್ಲ ಈ ತಡೆಗಳು ಒಂದೊಂದಾಗಿ ಕಳಚುತ್ತವೆ. ನಡೆಯಲು ಬರುತ್ತದೆ, ದುಡ್ಡು ಕೈಸೇರುತ್ತದೆ, ಕಾವಲು ಸಡಿಲಗೊಳ್ಳುತ್ತದೆ. ಚಿಕಿತ್ಸೆ ಫಲಿಸಿತೆಂದು ಮನೆಯವರು ಸಂತೋಷಪಡುವ ಆ ಘಟ್ಟವೇ ಕುಡಿತ ಮರಳುವ ಘಟ್ಟವೂ ಆಗಿರುತ್ತದೆ.

ಸಿಯಾಟಲ್ ಮತ್ತು ಮೆಲ್ಬರ್ನ್ ಎರಡೂ ಅಧ್ಯಯನಗಳಲ್ಲಿ, ಗಾಯದ ಒಂದೆರಡು ವರ್ಷಗಳ ನಂತರ ಸುಮಾರು ಕಾಲು ಭಾಗದಷ್ಟು ಮಂದಿ ಅಪಾಯಕಾರಿ ಪ್ರಮಾಣದಲ್ಲಿ ಕುಡಿಯುತ್ತಿದ್ದರು. ಮರಳಿ ಕುಡಿಯುವವರಲ್ಲಿ ಯುವಕರು, ಗಂಡಸರು ಹಾಗೂ ಗಾಯಕ್ಕೆ ಮೊದಲೇ ಹೆಚ್ಚು ಕುಡಿಯುತ್ತಿದ್ದವರ ಸಂಖ್ಯೆ ದೊಡ್ಡದು. ಗಾಯಕ್ಕೆ ಮೊದಲು ಮದ್ಯದ ಸಮಸ್ಯೆಯೇ ಇಲ್ಲದಿದ್ದ ಕೆಲವರು ಗಾಯದ ನಂತರ ಮೊದಲ ಬಾರಿಗೆ ವ್ಯಸನಿಗಳಾಗುವುದೂ ಉಂಟು. ಇವರು ಅಲ್ಪಸಂಖ್ಯಾತರಾದರೂ, ಯಾರೂ ನಿರೀಕ್ಷಿಸಿರುವುದಿಲ್ಲವಾದ್ದರಿಂದ ಬಹಳ ತಡವಾಗಿ ಗುರುತಿಗೆ ಬರುತ್ತಾರೆ.

ಸೌಮ್ಯ ಗಾಯವಾದವರ ಮಾತು ಸ್ವಲ್ಪ ಬೇರೆ. ಅವರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರುವುದಿಲ್ಲವಾದ್ದರಿಂದ ಮೇಲೆ ಹೇಳಿದ ಬಲವಂತದ ಬಿಡುವು ಅವರಿಗೆ ಸಿಗುವುದೇ ಇಲ್ಲ. ಅಮೆರಿಕದ ವಾಯುಪಡೆಯ ಸಿಬ್ಬಂದಿಯ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು, ಸೌಮ್ಯ ಮಿದುಳಿನ ಗಾಯವಾದವರಲ್ಲಿ ಮದ್ಯಾವಲಂಬನೆ ಪತ್ತೆಯಾಗುವ ಸಂಭವವು ದೇಹದ ಇತರೆಡೆ ಗಾಯವಾದವರಿಗಿಂತ ಹೆಚ್ಚೆಂದೂ, ಮೊದಲ 30 ದಿನಗಳಲ್ಲಿ ಈ ವ್ಯತ್ಯಾಸ ಎದ್ದುಕಾಣುತ್ತದೆಂದೂ ಕಂಡುಕೊಂಡಿತು.

ಕಾರಣಗಳು

ಹಣೆಯ ಹಿಂದೆ ಇರುವ ಫ್ರಾಂಟಲ್ ಲೋಬ್ ಎಂಬ ಭಾಗ ಮನುಷ್ಯನ ಸಂಯಮ, ಯೋಜನೆ ಮತ್ತು ವಿವೇಚನೆಯ ನೆಲೆ. ತಲೆಬುರುಡೆಯ ಒಳಮೈ ಅಲ್ಲಿ ಒರಟಾಗಿರುವುದರಿಂದ ವೇಗವಾಗಿ ಚಲಿಸುತ್ತಿದ್ದ ತಲೆ ಹಠಾತ್ತಾಗಿ ನಿಂತಾಗ ಈ ಭಾಗಕ್ಕೆ ಸುಲಭವಾಗಿ ಪೆಟ್ಟಾಗುತ್ತದೆ. ಆಗ ‘ಇನ್ನು ಸಾಕು’ ಎಂದು ತನಗೆ ತಾನೇ ಹೇಳಿಕೊಳ್ಳುವ ಶಕ್ತಿ ಕುಂದುತ್ತದೆ. ಕುಡಿಯಬಾರದೆಂಬ ತಿಳಿವಳಿಕೆ ಇದ್ದರೂ ಆ ಕ್ಷಣದಲ್ಲಿ ಅದು ಕೈಯನ್ನು ತಡೆಯದು. ತನ್ನಲ್ಲಿ ದೋಷವಿದೆ ಎಂಬುದರ ಅರಿವೇ ಇಲ್ಲದಿರುವುದು ಇನ್ನೊಂದು ತೊಡಕು. ಇದನ್ನು ಹಟಮಾರಿತನವೆಂದೋ ಸುಳ್ಳುಬುರುಕತನವೆಂದೋ ಮನೆಯವರು ತಿಳಿಯುವುದು ಸಹಜ, ಆದರೆ ಅದು ಗಾಯದ ಭಾಗವೇ ಆಗಿರಬಹುದು.

ಜೀವನದ ಕಾರಣಗಳೂ ಕಡಿಮೆ ಭಾರದವಲ್ಲ. ಕೆಲಸ ಹೋಗಿರುತ್ತದೆ, ಸ್ನೇಹಿತರು ದೂರವಾಗಿರುತ್ತಾರೆ, ದುಡಿಯುವ ಯಜಮಾನ ಮನೆಯಲ್ಲಿ ಕುಳಿತ ರೋಗಿಯಾಗಿರುತ್ತಾನೆ. ಖಿನ್ನತೆ, ಆತಂಕ, ತಲೆನೋವು ಮತ್ತು ನಿದ್ದೆಗೇಡು ಈ ಗಾಯದ ಸಾಮಾನ್ಯ ಪರಿಣಾಮಗಳು. ಮದ್ಯ ಇವುಗಳಿಂದ ಒಂದು ಗಳಿಗೆಯ ನೆಮ್ಮದಿ ನೀಡಿ ಮರುದಿನ ಇವನ್ನೇ ಹೆಚ್ಚಿಸುತ್ತದೆ. ಹಳೆಯ ಗೆಳೆಯರ ಗುಂಪಿನಲ್ಲಿ ಮತ್ತೆ ಮೊದಲಿನವನೆನಿಸಿಕೊಳ್ಳುವ ಏಕೈಕ ದಾರಿಯಾಗಿ ಗ್ಲಾಸು ಹಿಡಿಯುವವರೂ ಇದ್ದಾರೆ.

ಮಿದುಳಿನ ಗಾಯವೇ ನೇರವಾಗಿ ಮದ್ಯದ ಹಂಬಲವನ್ನು ಹೆಚ್ಚಿಸುತ್ತದೆಯೇ ಎಂಬುದನ್ನು ಮನುಷ್ಯರಲ್ಲಿ ಬಿಡಿಸಿ ನೋಡುವುದು ಸುಲಭವಲ್ಲ, ಏಕೆಂದರೆ ದುಡುಕು ಸ್ವಭಾವದವರು ಹೆಚ್ಚು ಕುಡಿಯುವವರೂ ಹೆಚ್ಚು ಅಪಘಾತಕ್ಕೀಡಾಗುವವರೂ ಆಗಿರಬಹುದು. ಈ ಗೋಜಲನ್ನು ಬಿಡಿಸಲು ಪ್ರಾಣಿಗಳ ಪ್ರಯೋಗ ನೆರವಾಗಿದೆ. ಓಹಿಯೋದ ಝಕರಿ ವೈಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಳೆಯ ವಯಸ್ಸಿನಲ್ಲಿ ಮಿದುಳಿಗೆ ಗಾಯವಾದ ಹೆಣ್ಣು ಇಲಿಮರಿಗಳು ಬೆಳೆದ ಮೇಲೆ ಹೆಚ್ಚು ಮದ್ಯ ಕುಡಿದವು. ಆಟಿಕೆ ಮತ್ತು ಚಟುವಟಿಕೆಗೆ ಅವಕಾಶವಿದ್ದ ಗೂಡುಗಳಲ್ಲಿ ಬೆಳೆಸಿದಾಗ ಈ ಪರಿಣಾಮ ತಗ್ಗಿತು. ಇಲಿಗಳ ಫಲಿತಾಂಶವನ್ನು ಹಾಗೆಯೇ ಮನುಷ್ಯರಿಗೆ ಅನ್ವಯಿಸಲಾಗದಿದ್ದರೂ, ಗಾಯದ ನಂತರದ ಪರಿಸರಕ್ಕೆ ಬೆಲೆಯಿದೆ ಎಂಬ ಸೂಚನೆ ಇಲ್ಲಿದೆ.

ಮಕ್ಕಳ ಕುರಿತು ಗಮನಾರ್ಹವಾದ ಮಾಹಿತಿ ನ್ಯೂಜಿಲೆಂಡಿನಿಂದ ಬಂದಿದೆ. 1977ರಲ್ಲಿ ಕ್ರೈಸ್ಟ್‌ಚರ್ಚ್ ನಗರದಲ್ಲಿ ಹುಟ್ಟಿದ 1265 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ, ಐದು ವರ್ಷದೊಳಗೆ ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ದಾಖಲಾಗಿದ್ದವರು ಹದಿಹರೆಯದಲ್ಲಿ ಮದ್ಯ ಅಥವಾ ಮಾದಕ ವಸ್ತುಗಳ ಸಮಸ್ಯೆಗೆ ಒಳಗಾಗುವ ಸಂಭವ ಇತರರಿಗಿಂತ ಹೆಚ್ಚಿತ್ತು. ಕುಡಿತದ ಪರಿಚಯವೇ ಇಲ್ಲದ ವಯಸ್ಸಿನಲ್ಲಿ ಆದ ಗಾಯ ಇದಾದ್ದರಿಂದ, ಹಿಂದಿನ ಕುಡಿತವೇ ಎಲ್ಲಕ್ಕೂ ಕಾರಣವೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಫಿನಿಯಾಸ್ ಗೇಜ್ ಪ್ರಸಂಗ

ಮಿದುಳಿನ ಗಾಯ ಮನುಷ್ಯನನ್ನು ಕುಡುಕನನ್ನಾಗಿಸುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಫಿನಿಯಾಸ್ ಗೇಜ್‌ನ ಹೆಸರನ್ನು ಹೇಳುವುದುಂಟು. ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಬಳಿ 1848ರ ಸೆಪ್ಟೆಂಬರ್ 13ರಂದು ರೈಲುಮಾರ್ಗದ ಮೇಸ್ತ್ರಿಯಾಗಿದ್ದ ಗೇಜ್‌ನ ತಲೆಯನ್ನು ಸ್ಫೋಟದಿಂದ ಸಿಡಿದ ಕಬ್ಬಿಣದ ಸಲಾಕೆಯೊಂದು ಹಾಯ್ದುಹೋಯಿತು. ಆತ ಬದುಕುಳಿದ, ಆದರೆ ಸ್ವಭಾವ ಬದಲಾಯಿತೆಂದು ಚಿಕಿತ್ಸೆ ನೀಡಿದ ವೈದ್ಯ ಜಾನ್ ಹಾರ್ಲೋ ಬರೆದಿದ್ದಾರೆ. ನಂತರದ ಪಠ್ಯಗಳಲ್ಲಿ ಆತ ಕುಡುಕನಾಗಿ ಅಲೆದನೆಂಬ ಕಥೆ ಸೇರಿಕೊಂಡಿತು. ಮೂಲ ದಾಖಲೆಗಳನ್ನು ಶೋಧಿಸಿದ ಆಸ್ಟ್ರೇಲಿಯಾದ ಮನೋವಿಜ್ಞಾನಿ ಮ್ಯಾಲ್ಕಂ ಮ್ಯಾಕ್‌ಮಿಲನ್ ಇಂಥ ಕಥೆಗಳಿಗೆ ಆಧಾರವಿಲ್ಲವೆಂದು ತೋರಿಸಿದರು. ಗೇಜ್ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆಬಂಡಿ ಓಡಿಸಿ ಜೀವನ ಸಾಗಿಸಿದ್ದನು. ಗಾಯಾಳುಗಳ ಬಗ್ಗೆ ಸಮಾಜ ಎಷ್ಟು ಬೇಗ ಕಥೆ ಕಟ್ಟುತ್ತದೆ ಎಂಬುದಕ್ಕಾದರೂ ಈ ಪ್ರಸಂಗ ಉಲ್ಲೇಖಾರ್ಹ.

ಗಾಯಗೊಂಡ ಮಿದುಳಿನ ಮೇಲೆ ಮದ್ಯದ ಪರಿಣಾಮ

ಗಾಯದ ನಂತರ ಮದ್ಯವನ್ನು ತಾಳಿಕೊಳ್ಳುವ ಶಕ್ತಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮೊದಲು ನಾಲ್ಕು ಪೆಗ್ ಕುಡಿದರೂ ನೆಟ್ಟಗೆ ನಡೆಯುತ್ತಿದ್ದವರು ಈಗ ಒಂದೆರಡಕ್ಕೆ ತೂರಾಡಬಹುದು. ಮಾತು, ನಡಿಗೆಯ ಸಮತೋಲ, ನೆನಪು ಮತ್ತು ಏಕಾಗ್ರತೆ ಇವು ಗಾಯದಿಂದ ಕುಂದಿರುವ ಸಾಮರ್ಥ್ಯಗಳು, ಮದ್ಯವೂ ಇವನ್ನೇ ಕುಂದಿಸುತ್ತದೆ. ಹಾಗಾಗಿ ‘ಮೊದಲಿನಷ್ಟೇ ಕುಡಿಯುತ್ತಿದ್ದೇನೆ’ ಎಂಬ ಮಾತು ನಿಜವಾಗಿದ್ದರೂ ಪರಿಣಾಮ ಮೊದಲಿನಷ್ಟೇ ಇರುವುದಿಲ್ಲ. ಬಿದ್ದು ಮತ್ತೊಮ್ಮೆ ತಲೆಗೆ ಪೆಟ್ಟು ಮಾಡಿಕೊಳ್ಳುವುದು ಇದರ ಅತಿ ಗಂಭೀರ ಫಲ.

ಫಿಟ್ಸ್ ಬರುವ ಸಂಭವವೂ ಹೆಚ್ಚುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಂತೆ, ತೀವ್ರ ಗಾಯವಾದವರಲ್ಲಿ ಐದು ವರ್ಷಗಳೊಳಗೆ ಸುಮಾರು 10 ಶೇಕಡಾ ಮಂದಿಗೆ ಫಿಟ್ಸ್ ಬಂದಿತ್ತು. ಸೌಮ್ಯ ಗಾಯದಲ್ಲಿ ಇದು ಶೇಕಡಾ ಒಂದಕ್ಕಿಂತ ಕಡಿಮೆ. ಹೆಚ್ಚು ಕುಡಿದು ಹಠಾತ್ತಾಗಿ ನಿಲ್ಲಿಸುವುದು, ನಿದ್ದೆಗೆಡುವುದು ಮತ್ತು ಕುಡಿದ ದಿನ ಮಾತ್ರೆ ತಪ್ಪಿಸುವುದು ಈ ಅಪಾಯಕ್ಕೆ ಸೇರಿಕೊಳ್ಳುತ್ತವೆ. ‘ಇಂದು ಕುಡಿದಿದ್ದೇನೆ, ಮಾತ್ರೆ ಬೇಡ’ ಎಂದು ಫಿಟ್ಸ್ ಮಾತ್ರೆಯನ್ನು ಬಿಡುವುದು ಎರಡು ತಪ್ಪುಗಳನ್ನು ಒಟ್ಟಿಗೆ ಮಾಡಿದಂತೆ. ನಿದ್ದೆ ಬರಿಸುವ, ಸ್ನಾಯು ಸಡಿಲಿಸುವ ಔಷಧಿಗಳೊಡನೆ ಮದ್ಯ ಬೆರೆತರೆ ಉಸಿರಾಟ ಕುಗ್ಗಬಹುದು.

ಎಷ್ಟು ಕುಡಿದರೆ ಸುರಕ್ಷಿತ ಎಂಬ ಪ್ರಶ್ನೆಗೆ ಪುನಶ್ಚೇತನ ತಜ್ಞರ ಸಾಮಾನ್ಯ ಸಲಹೆ ಪೂರ್ಣ ವರ್ಜನೆ. ಮಿದುಳು ಚೇತರಿಸಿಕೊಳ್ಳುವ ಮೊದಲ ವರ್ಷಗಳಲ್ಲಂತೂ ಇದನ್ನು ಒತ್ತಿ ಹೇಳಲಾಗುತ್ತದೆ.

ಪತ್ತೆಹಚ್ಚುವಿಕೆ

ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ ‘ಆಡಿಟ್’ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿದ್ದು ಒಟ್ಟು 40 ಅಂಕಗಳಿವೆ. 8 ಅಥವಾ ಹೆಚ್ಚು ಅಂಕ ಬಂದರೆ ಅಪಾಯಕಾರಿ ಕುಡಿತವೆಂದು ಎಣಿಸುತ್ತಾರೆ. ಮಿದುಳಿನ ಗಾಯವಾದವರಲ್ಲಿ ಇದರ ತೊಡಕೆಂದರೆ ಉತ್ತರಗಳು ನೆನಪನ್ನು ಅವಲಂಬಿಸಿರುವುದು. ಕಳೆದ ವಾರ ಏನಾಯಿತೆಂಬುದೇ ನೆನಪಿಲ್ಲದವರು ಕಳೆದ ವರ್ಷದ ಕುಡಿತವನ್ನು ಹೇಗೆ ಲೆಕ್ಕ ಹೇಳಿಯಾರು? ಆದ್ದರಿಂದ ಜೊತೆಯಲ್ಲಿ ವಾಸಿಸುವವರನ್ನೂ ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ. ಪ್ರಮಾಣದ ಭಾಷೆಯೂ ಸ್ಪಷ್ಟವಾಗಿರಬೇಕು. ಭಾರತದಲ್ಲಿ ಮಾರಾಟವಾಗುವ, ಶೇಕಡಾ 42.8ರಷ್ಟು ಆಲ್ಕೋಹಾಲ್ ಇರುವ ವಿಸ್ಕಿ, ಬ್ರಾಂದಿ ಅಥವಾ ರಮ್ಮಿನ 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಹೀಗಾಗಿ ‘ಒಂದೇ ಒಂದು ನೈಂಟಿ’ ಎಂದರೆ ಅಂಥ ಮೂರು ಅಳತೆಗಳು, 180 ಮಿಲಿಲೀಟರಿನ ಒಂದು ಕ್ವಾರ್ಟರ್ ಎಂದರೆ ಆರು.

ಚಿಕಿತ್ಸೆ

ಗಾಯವಾಗಿ ಆಸ್ಪತ್ರೆಯಲ್ಲಿರುವಾಗಲೇ ಕುಡಿತದ ಕುರಿತು ಚಿಕ್ಕದೊಂದು ಆಪ್ತ ಸಮಾಲೋಚನೆ ನಡೆಸುವುದು ಉಪಯುಕ್ತವೆಂದು ಸಿಯಾಟಲ್‌ನ ಲ್ಯಾರಿ ಜೆಂಟಿಲೆಲೊ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಅಂಥ ಸಮಾಲೋಚನೆ ಪಡೆದವರು ಮತ್ತೆ ಗಾಯಗೊಂಡು ಆಸ್ಪತ್ರೆಗೆ ಬರುವುದು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಆದರೆ ಅದು ಎಲ್ಲ ಬಗೆಯ ಗಾಯಾಳುಗಳನ್ನು ಒಳಗೊಂಡ ಅಧ್ಯಯನ. ಮಿದುಳಿಗೆ ಗಾಯವಾದವರಲ್ಲಿ ಒಂದೇ ಒಂದು ಮಾತುಕತೆಯ ಪರಿಣಾಮ ಇಷ್ಟು ಸ್ಪಷ್ಟವಾಗಿಲ್ಲ. ಕೇಳಿದ್ದು ಮರೆತುಹೋಗುವ ರೋಗಿಗೆ ಒಮ್ಮೆ ಹೇಳಿದರೆ ಸಾಲದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಮದ್ಯವ್ಯಸನ ಬಿಡಿಸುವ ಕೇಂದ್ರಗಳ ಪದ್ಧತಿ ಗುಂಪು ಚರ್ಚೆ, ದೀರ್ಘ ಉಪನ್ಯಾಸ ಮತ್ತು ಸ್ವವಿಮರ್ಶೆಯ ಮೇಲೆ ನಿಂತಿದೆ. ಮಿದುಳಿಗೆ ಗಾಯವಾದವರು ಗಮನ ಕೇಂದ್ರೀಕರಿಸಲಾರದೆ, ಸಮಯಕ್ಕೆ ಬರಲು ಮರೆತು, ಚರ್ಚೆಯ ನಡುವೆ ಥಟ್ಟನೆ ಏನನ್ನೋ ಆಡಿ ‘ಸಹಕರಿಸದ ರೋಗಿ’ ಎಂಬ ಹಣೆಪಟ್ಟಿ ಪಡೆದು ಹೊರಬೀಳುತ್ತಾರೆ. ಇತ್ತ ನರರೋಗ ವಿಭಾಗದವರು ವ್ಯಸನವು ತಮ್ಮ ವಿಷಯವಲ್ಲವೆನ್ನುತ್ತಾರೆ. ಎರಡು ವಿಭಾಗಗಳ ನಡುವಿನ ಈ ಬಿರುಕಿನಲ್ಲಿ ಅನೇಕರು ಚಿಕಿತ್ಸೆಯಿಂದ ವಂಚಿತರಾಗುತ್ತಾರೆ. ಚಿಕ್ಕ ವಾಕ್ಯಗಳಲ್ಲಿ ಹೇಳುವುದು, ಬರೆದು ಕೊಡುವುದು, ಹೇಳಿದ್ದನ್ನು ರೋಗಿಯ ಬಾಯಿಂದಲೇ ತಿರುಗಿ ಹೇಳಿಸುವುದು, ಭೇಟಿಯ ದಿನ ಫೋನ್ ಮಾಡಿ ನೆನಪಿಸುವುದು ಮುಂತಾದ ಸರಳ ಮಾರ್ಪಾಡುಗಳನ್ನು ಓಹಿಯೋದ ತಜ್ಞರು ಸೂಚಿಸಿದ್ದಾರೆ. ಕಾರಿಗನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಹೋಲಿಕೆಯೊಂದರಲ್ಲಿ, ಬರುವ ದಾರಿಯ ಅಡಚಣೆಗಳನ್ನು ನಿವಾರಿಸಿಕೊಟ್ಟವರು ಅಥವಾ ಸಣ್ಣ ಮೊತ್ತದ ಪ್ರೋತ್ಸಾಹಧನ ಪಡೆದವರು, ಮನವೊಲಿಸುವ ಸಂದರ್ಶನವನ್ನು ಮಾತ್ರ ಪಡೆದವರಿಗಿಂತ ಹೆಚ್ಚು ಪ್ರಮಾಣದಲ್ಲಿ ಚಿಕಿತ್ಸೆಗೆ ಸೇರಿದರು.

ಔಷಧಿಗಳಲ್ಲಿ ನಾಲ್ಟ್ರೆಕ್ಸೋನ್ ಮತ್ತು ಅಕ್ಯಾಂಪ್ರೊಸೇಟ್ ಬಳಕೆಯಲ್ಲಿವೆ. ಓಪಿಯಾಯ್ಡ್ ವರ್ಗದ ನೋವುನಿವಾರಕ ತೆಗೆದುಕೊಳ್ಳುತ್ತಿರುವವರಿಗೆ ನಾಲ್ಟ್ರೆಕ್ಸೋನ್ ಕೊಡಲಾಗದು. ಡೈಸಲ್ಫಿರಾಂ ನುಂಗಿದವರು ಕುಡಿದರೆ ತೀವ್ರ ಪ್ರತಿಕ್ರಿಯೆ ಉಂಟಾಗುತ್ತದೆ. ಮಾತ್ರೆ ನುಂಗಿದ್ದನ್ನೇ ಮರೆತು ಕುಡಿಯಬಹುದಾದ ರೋಗಿಗೆ ಅದು ಅಪಾಯಕಾರಿ. ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವುದು ಇನ್ನೂ ಅಪಾಯಕಾರಿ.

ಭಾರತದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಜಿ. ಗುರುರಾಜ್ 2002ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಭಾರತದಲ್ಲಿ ಮಿದುಳಿನ ಗಾಯಗಳ ಸುಮಾರು 60 ಶೇಕಡಾ ರಸ್ತೆ ಅಪಘಾತಗಳಿಂದ, 20ರಿಂದ 25 ಶೇಕಡಾ ಬೀಳುವಿಕೆಯಿಂದ, 10 ಶೇಕಡಾ ಹಿಂಸೆಯಿಂದ ಸಂಭವಿಸುತ್ತವೆ. ಗಾಯದ ವೇಳೆ ಮದ್ಯದ ಪಾತ್ರವಿದ್ದ ಪ್ರಕರಣಗಳು 15ರಿಂದ 20 ಶೇಕಡಾ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇರುವಾಗ ವಾಹನ ಚಲಾಯಿಸುವುದು ಅಪರಾಧ.

ಪಾಶ್ಚಾತ್ಯ ದೇಶಗಳ ಅಂಕಿಗಳನ್ನು ಇಲ್ಲಿಗೆ ನೇರವಾಗಿ ಅನ್ವಯಿಸುವಾಗ ಎಚ್ಚರ ಅಗತ್ಯ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ 10ರಿಂದ 75 ವರ್ಷ ವಯಸ್ಸಿನವರಲ್ಲಿ ಮದ್ಯ ಸೇವಿಸುವವರು 14.6 ಶೇಕಡಾ ಮಾತ್ರ. ಗಂಡಸರಲ್ಲಿ ಇದು 27.3 ಶೇಕಡಾ, ಹೆಂಗಸರಲ್ಲಿ 1.6 ಶೇಕಡಾ. ಬಹುಪಾಲು ಜನರು ಕುಡಿಯದ, ಆದರೆ ಕುಡಿಯುವವರಲ್ಲಿ ಹಲವರು ಬಹಳ ಕುಡಿಯುವ ಸಮಾಜದಲ್ಲಿ ಗಾಯದ ನಂತರದ ಚಿತ್ರ ಬೇರೆಯಾಗಿರಬಹುದು. ಪುನಶ್ಚೇತನ ಕೇಂದ್ರಗಳು ವಿರಳವಾದ್ದರಿಂದ ಆರೈಕೆಯ ಭಾರವೆಲ್ಲ ಮನೆಯ ಮೇಲೆ, ಮುಖ್ಯವಾಗಿ ಹೆಂಡತಿ ಅಥವಾ ತಾಯಿಯ ಮೇಲೆ ಬೀಳುತ್ತದೆ. ಹಣವನ್ನು ಕೈಗೆ ಕೊಡಬೇಕೇ ಬೇಡವೇ ಎಂಬ ನಿರ್ಧಾರ ಅವರದಾಗುತ್ತದೆ, ಕೊಡದಿದ್ದಾಗಿನ ಸಿಟ್ಟೂ ಅವರದೇ ಪಾಲು.

ನರಶಸ್ತ್ರಚಿಕಿತ್ಸೆ, ಪುನಶ್ಚೇತನ ಮತ್ತು ವ್ಯಸನ ಚಿಕಿತ್ಸೆ ಈ ಮೂರೂ ಒಂದೇ ಆವರಣದಲ್ಲಿರುವ ಕೆಲವೇ ಸಂಸ್ಥೆಗಳಲ್ಲಿ ನಿಮ್ಹಾನ್ಸ್ ಒಂದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯ ಉಚಿತ ಕರೆಯ ಮೂಲಕ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಸಮಾಲೋಚನೆ ಒದಗಿಸುತ್ತದೆ. ರೋಗಿಯಷ್ಟೇ ಅಲ್ಲದೆ ಆರೈಕೆ ಮಾಡುವವರೂ ಇದಕ್ಕೆ ಕರೆ ಮಾಡಬಹುದು.